ಹೋಬರ್ಟನ ಕರೆಂಟು ಟ್ರ್ಯಾಕ್ಟರುಗಳು

ಕರೆಂಟಿನ ಮೇಲೆ ಓಡುವ ಟ್ರ್ಯಾಕ್ಟರ್ ಅಂತ ಒಂದಿದೆ ಎಂದು ನನಗೆ ಗೊತ್ತಾದ ದಿನ ನಾನು ಟೊಮೆಟೊ ಬೇಯಿಸಿ ಚಳಿಗಾಲಕ್ಕೆಂದು ಬಾಟಲಿಗೆ ತುಂಬುತ್ತಿದ್ದೆ. ನದಿಯಾಚೆಯ ಕಾರ್ಖಾನೆಯಿಂದ ಬಂದ ನನ್ನ ಗಂಡ ಲಿಯಾನ್ ಬೂಟು ಬಿಚ್ಚುವ ಮೊದಲೇ ನಗಲು ಶುರು ಮಾಡಿದ.

"ಪಕ್ಕದ ಮನೆ ಹೋಬರ್ಟ್ ಏನು ತಂದಿದಾನೆ ಗೊತ್ತಾ? ಹುಲ್ಲು ಕತ್ತರಿಸೋ ಟ್ರ್ಯಾಕ್ಟರ್ರು. ಪೆಟ್ರೋಲೇ ಹಾಕೋ ಹಂಗಿಲ್ಲ. ಇಸ್ತ್ರಿ ಪೆಟ್ಟಿಗೆ ಥರ ಗೋಡೆಗೆ ಸಿಗಿಸೋದು."

"ಹಂಗಾದ್ರೆ ಅಂಗಳದ ತುಂಬಾ ವಯರು ಎಳ್ಕೊಂಡು ಓಡಾಡ್ತಾನಾ?"

"ಇಲ್ವೇ, ಒಳಗೆ ಬ್ಯಾಟರಿ ಇದಾವೆ. ರಾತ್ರಿ ಚಾರ್ಜಿಗೆ ಹಾಕಿದ್ರೆ ಬೆಳಗ್ಗೆ ಓಡುತ್ತೆ. ಅವನು ಕೆಲಸ ಮಾಡೋ ಕಡೆನೇ ಅದನ್ನ ಮಾಡ್ತಿರೋದು. ತಾನೇ ವಯರು ಜೋಡಿಸಿದ್ದನ್ನ ತಾನೇ ಕೊಂಡ್ಕೊಂಡು ಬಂದಿದಾನೆ, ಪೆದ್ದ."

ಮರುದಿನ ನಾನು ಹಿತ್ತಲಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದೆ. ಬಾಯಲ್ಲಿ ಕ್ಲಿಪ್ಪು, ಎರಡೂ ಕೈ ಮೇಲೆ. ಹಿಂದಿನಿಂದ ಏನೋ ಮೆಲ್ಲಗೆ ಬಂದು ಮೊಣಕಾಲಿನ ಹಿಂಬದಿಗೆ ತಾಗಿತು. ನಾನು ಕಿರುಚಿದೆ, ಕ್ಲಿಪ್ಪುಗಳು ಹುಲ್ಲಿನ ಪಾಲಾದವು. ತಿರುಗಿ ನೋಡಿದರೆ ಬಿಳಿ ಮೂತಿಯ ಟ್ರ್ಯಾಕ್ಟರ್, ಅದರ ಮೇಲೆ ಹೋಬರ್ಟ್ ವ್ಯಾನ್ ಎಪ್ಸ್. ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತಿದ್ದ. ಅಷ್ಟು ಎತ್ತರದ ಮನುಷ್ಯ, ಅಷ್ಟು ಗಿಡ್ಡ ಗಾಡಿ.

"ಹೆದರಿದ್ಯಾ ಆಲ್ಮಾ? ಸದ್ದೇ ಇಲ್ಲ ನೋಡು. ಅದೇ ಇದರ ಗುಣ."

"ಗುಣ ಅಲ್ಲ, ಕಳ್ಳಬುದ್ಧಿ. ಅದರ ಕೊರಳಿಗೊಂದು ಗಂಟೆ ಕಟ್ಟು."

ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿರಬೇಕು. ಬೀದಿಯ ಕೊನೆಯವರೆಗೂ ಎಲ್ಲರಿಗೂ ಹೇಳಿಕೊಂಡು ಬಂದ.

ಹೋಬರ್ಟ್ ನಮ್ಮ ಸ್ವಾರ್ಟ್ ಗುಡ್ಡದಲ್ಲೇ ಹುಟ್ಟಿದವನು. ಅಪ್ಪನದು ಹಾಲಿನ ವ್ಯಾಪಾರ. ಹಸುಗಳ ಹಿಂದೆ ಓಡಾಡಿ ಬೆಳೆದ ಕಾಲಿಗೆ ನಿಂತ ಕಡೆ ನಿಲ್ಲುವುದು ಗೊತ್ತಿರಲಿಲ್ಲ. ಊಟ ಮಾಡುವಾಗಲೂ ನಿಂತೇ ಇರುತ್ತಿದ್ದ, ಒಂದು ಕೈಯಲ್ಲಿ ತಟ್ಟೆ, ಕಣ್ಣು ಕಿಟಕಿಯಾಚೆ. ಅವನ ಹೆಂಡತಿ ಇರ್ಮಾ ಬಂದವರಿಗೆಲ್ಲ ಅವನ ಕುರ್ಚಿ ತೋರಿಸುತ್ತಿದ್ದಳು. "ಮದುವೆಗೆ ಬಂದ ಉಡುಗೊರೆ ಇದು. ಇನ್ನೂ ಹೊಸದಾಗೇ ಇದೆ, ಕೂತ್ಕೊಳಿ, ಪರವಾಗಿಲ್ಲ" ಎನ್ನುತ್ತಿದ್ದಳು. ಚರ್ಚಿನಲ್ಲಿ ಹಿಂದಿನ ಬೆಂಚಿನ ತುದಿಯಲ್ಲೇ ಅವನ ಜಾಗ. ಪಾದ್ರಿ ಮಾತು ಉದ್ದ ಮಾಡಿದರೆ ಇವನು ಹೊರಗೆ ಹೋಗಿ ಯಾರದೋ ಕಾರಿನ ಚಕ್ರಕ್ಕೆ ಗಾಳಿ ಸಾಲದು ಎಂದು ಕಂಡುಹಿಡಿದು ಬರುತ್ತಿದ್ದ.

ಪೆಟ್ರೋಲಿಗೆ ಊರಿಗೆ ಊರೇ ಸಾಲು ನಿಂತ ಆ ವರ್ಷ ಹೋಬರ್ಟನ ರಾಜ್ಯಭಾರ. ಕಾರುಗಳೆಲ್ಲ ಬಂಕಿನ ಮುಂದೆ ಕಾಯುತ್ತಿದ್ದರೆ ಇವನು ಟ್ರ್ಯಾಕ್ಟರಿನ ಮೇಲೆ ಹಾಲು, ಬ್ರೆಡ್ಡು ತರಲು ಹೊರಡುತ್ತಿದ್ದ. ಸಾಲಿನಲ್ಲಿದ್ದವರಿಗೆಲ್ಲ ಟೋಪಿ ಎತ್ತಿ ನಮಸ್ಕಾರ ಬೇರೆ. ಲಿಯಾನ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, "ನಡ್ಕೊಂಡು ಹೋದ್ರೆ ಇದಕ್ಕಿಂತ ಬೇಗ ಹೋಗ್ತೀಯೋ" ಎಂದು ಕೂಗಿದ್ದ. ಇನ್ನು ಇಡೀ ದೇಶ ಇದನ್ನೇ ಕೊಳ್ಳುತ್ತದೆ ಎಂದು ಹೋಬರ್ಟ್ ಎದೆಯುಬ್ಬಿಸಿ ತಿರುಗಿದ. ಆದರೆ ಸ್ವಲ್ಪ ದಿನಕ್ಕೆ ಕಾರ್ಖಾನೆಯವರೇ ಟ್ರ್ಯಾಕ್ಟರ್ ಮಾಡುವುದನ್ನು ನಿಲ್ಲಿಸಿಬಿಟ್ಟರು.

ಆ ಕೊನೆಯ ವಾರಗಳಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಇರ್ಮಾ. ಬಾಕಿ ಇದ್ದ ಆರ್ಡರುಗಳನ್ನು ಮುಗಿಸಬೇಕಿತ್ತು, ಹೊಸ ಸಾಮಾನು ಬರುತ್ತಿರಲಿಲ್ಲ. ಅರ್ಧ ಕಟ್ಟಿದ ಗಾಡಿಗಳಿಂದ ಮೋಟಾರು, ಸ್ವಿಚ್ಚು ಕಿತ್ತು ಬೇರೆಯವಕ್ಕೆ ಹಾಕಿ ಎಂದು ಮೇಸ್ತ್ರಿ ಹೇಳಿದನಂತೆ. ಕಿತ್ತದ್ದು ಹೋಬರ್ಟನೇ. ಖಾಲಿಯಾದ ಚಾಸಿಗಳನ್ನು ಅವನ ಕಣ್ಣೆದುರೇ ಗ್ಯಾಸ್ ಕಟರಿನಿಂದ ತುಂಡು ಮಾಡಿ ಗುಜರಿ ಲಾರಿಗೆ ಎಸೆದರಂತೆ. "ಅವತ್ತು ಮನೆಗೆ ಬಂದವನು ಕತ್ತಲಾಗೋವರೆಗೂ ಕೊಟ್ಟಿಗೆ ಸುತ್ತ ನಡೀತಾನೇ ಇದ್ದ ಆಲ್ಮಾ. ಕರೆದ್ರೂ ಬರಲಿಲ್ಲ" ಎಂದಳು.

ಆಮೇಲೆ ಶುರುವಾಯಿತು ಅವನ ಹುಡುಕಾಟ. ಜನಕ್ಕೆ ಈ ಗಾಡಿಗಳು ಬೇಸರವಾಗಿದ್ದವು. ಬ್ಯಾಟರಿ ಸತ್ತರೆ ಹೊಸ ಬ್ಯಾಟರಿಗೆ ಖರ್ಚು ಮಾಡುವವರು ಯಾರು? ಕೊಟ್ಟಿಗೆಯ ಮೂಲೆಗೆ ತಳ್ಳುತ್ತಿದ್ದರು, ಕೆಲವರು ಹೊಲದ ಬೇಲಿಯಾಚೆಗೇ ತಳ್ಳುತ್ತಿದ್ದರು. ಹೋಬರ್ಟ್ ಎಲ್ಲಿದ್ದರೂ ಹೋಗಿ ಎತ್ತಿಕೊಂಡು ಬರುತ್ತಿದ್ದ. ಬಂದ ಜಾಗವೇ ಅವುಗಳ ಹೆಸರು. ಹಳ್ಳದಿಂದ ಎತ್ತಿದ್ದು 'ಹಳ್ಳದ್ದು', ದಂತವೈದ್ಯನ ಮನೆಯದು 'ಹಲ್ಲಿನ ಡಾಕ್ಟರದ್ದು', ಸನ್ಯಾಸಿನಿಯರ ಮಠದಿಂದ ಬಂದದ್ದು 'ಸಿಸ್ಟರ್ರು'. ಹೀಗೆ ಅವನ ಶೆಡ್ಡಿನಲ್ಲಿ ಹನ್ನೊಂದಾದವು. ಹಿಮ ಎತ್ತಿ ಎಸೆಯುವ ಬಾಯಿ, ಹುಲ್ಲು ಕತ್ತರಿಸುವ ಅಲಗು, ಚಾರ್ಜರು, ಸೀಟು, ಚಕ್ರ, ಇವು ಬೇರೆ.

ಒಂದು ವಿಷಯದಲ್ಲಿ ಮಾತ್ರ ಅವನದು ಮೊಂಡು ಹಟ. ಪ್ರತಿ ಟ್ರ್ಯಾಕ್ಟರಿನ ಕೆಳಗೂ ಒಂದು ತಗಡಿನ ಬಕೆಟ್ಟು. ಆ ಗಾಡಿಯಿಂದ ಬಿಚ್ಚಿದ್ದು ಆ ಬಕೆಟ್ಟಿಗೇ ಹೋಗಬೇಕು, ಅಲ್ಲಿಂದ ಅದೇ ಗಾಡಿಗೇ ಬರಬೇಕು. ಒಂದಕ್ಕೆ ಏನಾದರೂ ಬೇಕಾದರೆ ಹೊರಗಿನಿಂದ ಹುಡುಕಿ ತರುತ್ತಿದ್ದನೇ ಹೊರತು ಪಕ್ಕದ್ದರಿಂದ ಒಂದು ಮೊಳೆಯನ್ನೂ ತೆಗೆಯುತ್ತಿರಲಿಲ್ಲ. ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಎರಡು ಕೆಟ್ಟದ್ದನ್ನು ಸೇರಿಸಿ ಒಂದು ಒಳ್ಳೆಯದನ್ನು ಮಾಡಿಕೊಳ್ಳುತ್ತಾರೆ. ಇವನು ಮಾಡಲಿಲ್ಲ. ಹಾಗಾಗಿ ಹನ್ನೊಂದರಲ್ಲಿ ಓಡುತ್ತಿದ್ದದ್ದು ಒಂದೇ, ಸಿಸ್ಟರ್ರು.

ಲಿಯಾನ್ ತೀರಿಹೋದ ಮೇಲೆ ನನ್ನ ಅಂಗಳದ ಹುಲ್ಲನ್ನು ಹೋಬರ್ಟನೇ ಕತ್ತರಿಸತೊಡಗಿದ. ಇರ್ಮಾ ಹೋದ ಮೇಲೆ ಗುರುವಾರದ ರಾತ್ರಿಯೂಟ ನನ್ನ ಮನೆಯಲ್ಲಿ. ಅಂಥ ದೊಡ್ಡ ಅಡುಗೆಯೇನಲ್ಲ. ಆಲೂಗಡ್ಡೆ, ಹಂದಿಮಾಂಸ, ಸೇಬಿನ ಪೈ. ಅವನು ಫ್ರಿಜ್ಜಿಗೆ ಒರಗಿ ನಿಂತು ತಿನ್ನುತ್ತಿದ್ದ. ಚರ್ಚಿನ ಹೆಂಗಸರು ನಮ್ಮನ್ನು ಕೆಣಕುತ್ತಿದ್ದರು. "ಕೂರಿಸೋಕೆ ಆಗದೇ ಇರೋನನ್ನ ಮದುವೆ ಆಗಿ ಏನು ಮಾಡ್ಲಿ?" ಎಂದು ನಾನು ಅವರ ಬಾಯಿ ಮುಚ್ಚಿಸಿದ್ದೆ.

ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಕಾಫಿ ಚೆಲ್ಲಿತು, ಆಮೇಲೆ ಗಡ್ಡ ಹೆರೆಯುವಾಗ ಗಾಯ. ಗುಡ್ಡದ ರಸ್ತೆಯಲ್ಲಿ ಇನ್ನು ಕಾರು ಓಡಿಸಬೇಡಿ ಎಂದರು ಡಾಕ್ಟರು. ಯಾರೂ ಒತ್ತಾಯ ಮಾಡದಿದ್ದರೂ ಹೋಬರ್ಟ್ ಒಂದೇ ತಿಂಗಳಲ್ಲಿ ಮನೆ ಮಾರಿದ. ಪೇಟೆಯ ಹಳೆಯ ಶಾಲೆಯನ್ನು ವಯಸ್ಸಾದವರ ಮನೆಗಳಾಗಿ ಮಾಡಿದ್ದಾರಲ್ಲ, ಅಲ್ಲಿ ಮೂರನೇ ಮಹಡಿಯಲ್ಲಿ ಕೋಣೆ ಹಿಡಿದ. ಮನೆ ಕೊಂಡ ಗಂಡ ಹೆಂಡತಿ ಮೇಕೆ ಸಾಕುವವರು. ಮೊದಲ ಹಿಮ ಬೀಳುವುದರೊಳಗೆ ಮನೆಯೂ ಶೆಡ್ಡೂ ಖಾಲಿಯಾಗಬೇಕು ಎಂದಿದ್ದರು. ತಪ್ಪಿದರೆ ಶೆಡ್ಡಿನಲ್ಲಿ ಉಳಿದದ್ದೆಲ್ಲ ಡ್ವೇನನ ಪಾಲು. ಡ್ವೇನ್ ಎಂದರೆ ನಮ್ಮ ಕಡೆಯ ಗುಜರಿಯವನು. ಅವನಿಗೆ ಬೇಕಾದದ್ದು ಬ್ಯಾಟರಿಯ ಸೀಸ, ಮೋಟಾರಿನ ತಾಮ್ರ. ಮಿಕ್ಕಿದ್ದಕ್ಕೆ ಕಟರು.

ಹೋಬರ್ಟ್ ಒಂದು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ರಸ್ತೆಬದಿಗೆ ನಿಲ್ಲಿಸಿದ: ಕರೆಂಟು ಟ್ರ್ಯಾಕ್ಟರುಗಳು, ಬಿಡಿಭಾಗ ಸಮೇತ ಮಾರಾಟಕ್ಕಿವೆ. ಎಲ್ಲವೂ ಒಟ್ಟಿಗೆ, ಇಲ್ಲವೇ ಯಾವುದೂ ಇಲ್ಲ. ಲೈಬ್ರರಿಯ ಹೆಂಗಸು ಅದನ್ನೇ ಕಂಪ್ಯೂಟರಿನಲ್ಲೂ ಹಾಕಿಕೊಟ್ಟಳು.

ಜನ ಬಂದರು. ಬಂದವರೆಲ್ಲ ನಮ್ಮ ಕಡೆಯ ಗಂಡಸರ ಹಾಗೇ. ಜೇಬಿನಲ್ಲಿ ಕೈ, ಮಳೆ ಬಂತಾ ಹಿಮ ಬಂತಾ ಎಂಬ ಮಾತು, ಚಕ್ರಕ್ಕೊಂದು ಒದೆತ. ವ್ಯಾಪಾರದ ಮಾತು ಮೊದಲು ಆಡಿದವನು ಸೋತಂತೆ. ಕನೆಕ್ಟಿಕಟ್ ರಾಜ್ಯದ ಕಡೆಯಿಂದ ಒಬ್ಬ ಒಳ್ಳೇ ಚರ್ಮದ ಬೂಟಿನವನು ಬಂದು, ಸಿಸ್ಟರ್ರನ್ನು ಸವರಿ ಸವರಿ ನೋಡಿದ.

"ಇದೊಂದು ಸಾಕು ನಂಗೆ. ಆ ಹಿಮದ ಬಾಯಿ ಬೇಕಾದ್ರೆ ಸೇರಿಸಿ."

"ಬೋರ್ಡು ಓದಿದ್ರಾ?" ಎಂದ ಹೋಬರ್ಟ್.

"ಓದಿದೆ. ಆದ್ರೂ ನೋಡಿ, ಆ ಕೊಳೆತವನ್ನ ಯಾರು ಒಯ್ತಾರೆ?"

"ಹಂಗಾದ್ರೆ ಇನ್ನೊಂದ್ಸಲ ಓದಿ. ಹೋಗೋ ದಾರೀಲೇ ಇದೆ."

ಹೀಗೆ ಬಂದವರನ್ನೆಲ್ಲ ಅಟ್ಟಿದ. ಅಟ್ಟಿದ ಮೇಲೆ ತಾನೇ ಒದ್ದಾಡಿದ. ಬೋರ್ಡು ಕಿತ್ತು ಒಳಗಿಟ್ಟ, ಮಧ್ಯಾಹ್ನ ಮತ್ತೆ ನೆಟ್ಟ. ನನ್ನ ಅಡುಗೆಮನೆಗೆ ಬಂದು, ಏನೂ ಹೇಳದೆ ಒಂದು ಸುತ್ತು ಹಾಕಿ, ಹೋಗಿ, ಮತ್ತೆ ಬಂದ. "ನೆಲದ ಬಣ್ಣ ಹೋಗುತ್ತೆ, ಹೊರಗೆ ನಡಿ" ಎಂದು ಗದರಿದೆ. ಅವನ ಚಡಪಡಿಕೆ ನನಗೂ ಅಂಟಿತ್ತು. ಹೊಲಿಗೆ ಹಿಡಿದರೆ ದಾರ ಗಂಟಾಗುತ್ತಿತ್ತು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕೈಗವಸಿನ ಕಾರ್ಖಾನೆಯಲ್ಲಿ ಗವಸಿನ ಬೆರಳು ಹೊಲಿದು ಬದುಕಿದವಳು ನಾನು, ನನ್ನ ದಾರ ಗಂಟಾಗುವುದೆಂದರೆ ಅದು ಬೇರೆಯೇ ಮಾತು. ಎಲೆಗಳೆಲ್ಲ ಉದುರಿದ್ದವು. ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿರುತ್ತಿತ್ತು. ಡ್ವೇನನ ಲಾರಿ ಆ ವಾರ ನಮ್ಮ ರಸ್ತೆಯಲ್ಲಿ ಬೇಕೆಂದೇ ನಿಧಾನವಾಗಿ ಹೋಗುತ್ತಿತ್ತು.

ಅಷ್ಟರಲ್ಲಿ ಲೊರೆಟ್ಟಾ ಸ್ಕೊರುಪಾ ಎಂಬವಳ ಫೋನು ಬಂತು. ನದಿಯ ಕೆಳಗಿನ ಊರಿನವಳು, ಪೋಲಿಷ್ ಚರ್ಚಿನ ಸ್ಮಶಾನ ನೋಡಿಕೊಳ್ಳುವವಳು. ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದಕ್ಕೆ ಅವಳದು ತಕರಾರಿರಲಿಲ್ಲ. ಆದರೆ ಓಡುವುದೊಂದನ್ನು ಕಣ್ಣಾರೆ ನೋಡಬೇಕು, ತಾನೇ ಕೂತು ಹುಲ್ಲು ಕತ್ತರಿಸಿ ನೋಡಬೇಕು, ಸದ್ದು ಬಂದರೆ ಬೇಡವೇ ಬೇಡ ಎಂದಳಂತೆ. ಶನಿವಾರ ಬರುತ್ತೇನೆ ಎಂದಳು.

ಶನಿವಾರದವರೆಗೂ ಹೋಬರ್ಟ್ ಸ್ಥಿಮಿತದಲ್ಲಿರಲಿಲ್ಲ. ಗುರುವಾರ ಊಟಕ್ಕೆ ಬಂದವನು ಎರಡು ತುತ್ತು ತಿಂದು, "ಬ್ಯಾಟರಿ ನೀರು ನೋಡ್ಬರ್ತೀನಿ" ಎಂದು ಹೋದ. ಮತ್ತೆ ಬಂದ, ಪೈ ತಿನ್ನುವ ನಡುವೆ ಮತ್ತೆ ಹೋದ.

"ಆಗ್ಲೇ ನೋಡಿದ್ಯಲ್ಲೋ."

"ಕತ್ತಲಲ್ಲಿ ಸರಿ ಕಾಣ್ಲಿಲ್ಲ. ಕಡಿಮೆ ಇದ್ದಂಗಿತ್ತು. ಸ್ವಲ್ಪ ಹಾಕ್ದೆ."

ಈ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಮಾತೊಂದಿದೆ. ಹೋಬರ್ಟನೇ ನನಗೆ ನೂರು ಸಲ ಹೇಳಿದ್ದ. ಬ್ಯಾಟರಿಗೆ ಮೊದಲು ಚಾರ್ಜು, ಆಮೇಲೆ ನೀರು. ಚಾರ್ಜಾಗುವಾಗ ಒಳಗಿನ ಆಸಿಡ್ಡು ಉಬ್ಬುತ್ತದೆ. ಮೊದಲೇ ಕಂಠದವರೆಗೆ ತುಂಬಿಟ್ಟರೆ ಹಾಲು ಉಕ್ಕಿದಂತೆ ಉಕ್ಕಿ ಹೊರಗೆ ಬರುತ್ತದೆ. ಅಷ್ಟೆಲ್ಲ ಗೊತ್ತಿದ್ದವನೇ ಆ ವಾರ ನೀರು ಹಾಕಿದ, ಚಾರ್ಜಿಗಿಟ್ಟ, ಮತ್ತೆ ನೀರು ಹಾಕಿದ. ನಿಂತಲ್ಲಿ ನಿಲ್ಲಲಾರದ ಕೈಗೆ ಅದೊಂದು ಕೆಲಸ ಬೇಕಿತ್ತು.

ಶನಿವಾರ ಬೆಳಗ್ಗೆ ನಾನು ಡೋನಟ್ಟು ತೆಗೆದುಕೊಂಡು ಶೆಡ್ಡಿಗೆ ಹೋದಾಗ ಬಾಗಿಲಲ್ಲೇ ಮೂಗು ಉರಿಯಿತು. ಸಿಸ್ಟರ್ರಿನ ಸೀಟು ಮೇಲೆತ್ತಿತ್ತು. ಬ್ಯಾಟರಿಗಳ ತಲೆಯ ಮೇಲೆ ಒದ್ದೆ, ಕೆಳಗಿನ ತಟ್ಟೆಯಲ್ಲಿ ಹಸಿರು ಬಿಳಿ ನೊರೆ. ಹೋಬರ್ಟ್ ಅದರ ಸುತ್ತ ತಿರುಗುತ್ತಿದ್ದ.

"ಏನಾಯ್ತೋ?"

"ಉಕ್ಕಿದೆ. ಎಷ್ಟು ದಿನದಿಂದಾನೋ. ಕೆಳಗಿಳಿದು ದೊಡ್ಡ ಸ್ವಿಚ್ಚು ತಿಂದುಹಾಕಿದೆ. ಮೋಟಾರಿಗೆ ಕರೆಂಟೇ ಹೋಗ್ತಿಲ್ಲ."

"ಹೊಸದು ತಂದ್ರಾಯ್ತು."

"ಎಲ್ಲಿಂದ? ಆ ಸ್ವಿಚ್ಚು ಮಾಡೋರೇ ಇಲ್ಲ ಈಗ. ನಾನೇ, ನಾನೇ ಮಾಡ್ದೆ ಆಲ್ಮಾ. ಈ ಕೈಲಿ ನೀರು ಹಾಕಿ ಹಾಕಿ." ಅವನು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ.

ನಾನು ಮನೆಗೆ ಓಡಿ ಅಡುಗೆ ಸೋಡಾ ಡಬ್ಬಿ ತಂದು ಸುರಿದೆ. ಬುಸ್ ಎಂದು ನೊರೆ ಎದ್ದು, ಇಳಿದು, ಉರಿ ಕಡಿಮೆಯಾಯಿತು. ತೊಳೆದು ಒರೆಸುತ್ತಿರುವಾಗಲೇ ಹೊರಗೆ ಲಾರಿಯ ಸದ್ದು.

ಲೊರೆಟ್ಟಾ ನನಗಿಂತ ಚಿಕ್ಕವಳು, ಅರುವತ್ತರ ಆಸುಪಾಸು. ಕುಳ್ಳಿ, ಗಟ್ಟಿ ಮೈ, ಗಂಡಸರ ಜಾಕೆಟ್ಟು. ಮಳೆಯ ಮಾತಿಲ್ಲ, ಚಕ್ರ ಒದೆಯಲಿಲ್ಲ. ನೇರ ಒಳಗೆ ಬಂದು, "ಓಡೋದು ಯಾವುದು?" ಎಂದಳು.

ಹೋಬರ್ಟ್ ಸಿಸ್ಟರ್ರಿನ ಕಡೆ ನೋಡಿದ. "ನಿನ್ನೆವರೆಗೂ ಓಡ್ತಿತ್ತು."

"ನಿನ್ನೆ ನಾನು ಬಂದಿರ್ಲಿಲ್ವಲ್ಲ."

ಆಗಿದ್ದನ್ನು ಅವನು ಹೇಳಿದ. ಅವಳು ಮಂಡಿಯೂರಿ ಬ್ಯಾಟರಿಯ ಕೆಳಗೆ ಕೈಯಾಡಿಸಿ, ಸ್ವಿಚ್ಚು ಮುಟ್ಟಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಳು. ಎದ್ದು ಸಾಲಿನುದ್ದಕ್ಕೂ ನಡೆದು ಪ್ರತಿಯೊಂದರ ಸೀಟು ಎತ್ತಿ ನೋಡಿದಳು.

"ಇದರಲ್ಲಿ ಒಳ್ಳೇ ಸ್ವಿಚ್ಚಿದೆ. ತೆಗೆದು ಅದಕ್ಕೆ ಹಾಕಿ." ಅವಳು ಹಳ್ಳದ್ದರ ಮುಂದೆ ನಿಂತಿದ್ದಳು.

"ಅದು ಹಳ್ಳದ್ದರ ಸ್ವಿಚ್ಚು."

"ಗೊತ್ತಾಯ್ತು. ತೆಗೀರಿ."

"ಒಂದರಿಂದ ಕಿತ್ತು ಇನ್ನೊಂದಕ್ಕೆ ನಾನು ಹಾಕೋದಿಲ್ಲ."

ಅವಳು ಅವನನ್ನು ನೋಡಿದಳು, ಆಮೇಲೆ ನನ್ನನ್ನು. "ಇವರೇನು ತಮಾಷೆ ಮಾಡ್ತಿದಾರಾ?"

"ಇಲ್ಲ" ಎಂದೆ. "ಇವರು ಹಿಂಗೇ."

"ರೀ, ಇಲ್ಲಿರೋ ಸಾಮಾನಲ್ಲಿ ನಾಲ್ಕು ಗಾಡಿ ಆರಾಮಾಗಿ ಓಡ್ತವೆ. ನಾಲ್ಕು! ಇಷ್ಟು ವರ್ಷ ಒಂದೇ ಓಡಿಸ್ಕೊಂಡು ಕೂತಿದೀರಾ?"

"ಕೂತಿಲ್ಲ" ಎಂದೆ ನಾನು, ಬಾಯಿ ತಡೆಯದೆ. ಅವಳು ನಕ್ಕಳು. ಹೋಬರ್ಟ್ ನಗಲಿಲ್ಲ.

"ಒಯ್ದ ಮೇಲೆ ಏನ್ಮಾಡ್ತೀರಾ?" ಅವನು ಕೇಳಿದ.

"ಹೇಳಿದ್ನಲ್ಲ. ಬಿಚ್ಚಿ, ಸೇರಿಸಿ, ನಾಲ್ಕು ಮಾಡ್ತೀನಿ. ಮಿಕ್ಕಿದ್ದನ್ನ ಸಾಮಾನಿಗೆ ಇಟ್ಕೊತೀನಿ."

"ಬಿಚ್ಚಲ್ಲ ಅಂತ ಮಾತು ಕೊಡಿ. ಹನ್ನೊಂದನ್ನೂ ಇದ್ದಂಗೇ ಇಟ್ಕೊತೀನಿ ಅನ್ನಿ. ಹೇಳಿದ ಬೆಲೇಲಿ ಕಮ್ಮಿ ಮಾಡ್ತೀನಿ."

ಲೊರೆಟ್ಟಾ ಬಕೆಟ್ಟುಗಳ ಸಾಲಿನ ಮೇಲೆ ಕಣ್ಣಾಡಿಸಿದಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮನೆಗೆ ಹೋಗಿ ಏನು ಮಾಡುತ್ತಾಳೆ ಎಂದು ನೋಡುವವರು ಯಾರು?

"ಸುಳ್ಳು ಹೇಳೋದಕ್ಕೆ ನಂಗೆ ಬರಲ್ಲ" ಎಂದಳು. "ನಮ್ಮಲ್ಲಿ ಗುಂಡಿ ಹತ್ರ ಪಾದ್ರಿ ಪ್ರಾರ್ಥನೆ ಶುರು ಮಾಡ್ತಾರೆ, ಆಚೆ ಸಾಲಲ್ಲಿ ನನ್ನ ಪೆಟ್ರೋಲ್ ಗಾಡಿ ಗಡಗಡ ಅನ್ನುತ್ತೆ. ಆಫ್ ಮಾಡ್ಕೊಂಡು ನಿಲ್ತೀನಿ. ಒಂದೊಂದು ದಿನ ಎರಡು ಮೂರು ಮಣ್ಣು ಇರ್ತವೆ, ಹುಲ್ಲು ಮೊಣಕಾಲಿಗೆ ಬರುತ್ತೆ. ನಂಗೆ ಬೇಕಿರೋದು ಸದ್ದಿಲ್ದೇ ಓಡೋ ಗಾಡಿ. ನೋಡೋದಕ್ಕೆ ಇಟ್ಕೊಳೋ ಗಾಡಿ ಅಲ್ಲ. ಓಡಿಸಿ ತೋರಿಸ್ತೀರಾ, ತಗೋತೀನಿ. ಇಲ್ಲ ಅಂದ್ರೆ ಹಾಲು ಕರೆಯೋ ಹೊತ್ತಿಗೆ ತಮ್ಮನ ಮನೇಲಿರಬೇಕು ನಾನು."

ಅವಳು ಲಾರಿಯ ಹತ್ತಿರ ಹೋಗಿ ಬಾಗಿಲು ತೆರೆದಳು. ಹತ್ತಲಿಲ್ಲ, ಜಾಕೆಟ್ಟಿನ ಗುಂಡಿ ಹಾಕುತ್ತ ನಿಂತಳು.

ಹೋಬರ್ಟ್ ಶೆಡ್ಡಿನೊಳಗೆ ಸುತ್ತತೊಡಗಿದ. ಗೋಡೆಯಿಂದ ಗೋಡೆಗೆ, ಸಾಲಿನ ಈಚೆಯಿಂದ ಆಚೆಗೆ. ಬೇರೆ ದಿನವಾಗಿದ್ದರೆ ನಿಲ್ಲೋ ಎನ್ನುತ್ತಿದ್ದೆ. ಅವತ್ತು ಒರೆಸಿದ ಜಾಗವನ್ನೇ ನಾನೂ ಮತ್ತೆ ಒರೆಸಿದೆ. ಹಿಮ ಇಂದೋ ನಾಳೆಯೋ ಎನ್ನುವಂತಿತ್ತು, ಅವಳು ಹೊರಟರೆ ಸೋಮವಾರ ಡ್ವೇನ್ ಬರುತ್ತಾನೆ. ಡ್ವೇನ್ ಬಂದರೆ ಬಕೆಟ್ಟೂ ಇಲ್ಲ, ಸಾಲೂ ಇಲ್ಲ. ಅದು ಅವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಅದಕ್ಕೇ ತಿರುಗುತ್ತಿದ್ದ.

ಹಳ್ಳದ್ದರ ಮುಂದೆ ನಿಂತ. ಅದರ ಮೂತಿಯ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ.

"ಆಲ್ಮಾ, ಆ ಅರ್ಧ ಇಂಚಿನ ಸ್ಪ್ಯಾನರ್ ಕೊಡು."

ಕೊಟ್ಟೆ. ನಟ್ಟಿಗೆ ಹಿಡಿಯಲು ಹೋದ. ಸ್ಪ್ಯಾನರು ತಗಡಿಗೆ ಬಡಿದು ಟಕಟಕಟಕ ಎಂದಿತು. ಮತ್ತೆ ಹಿಡಿದ, ಮತ್ತೆ ಜಾರಿತು.

"ನಂಗಾಗ್ತಿಲ್ಲ. ನೀನು ತಿರುಗಿಸು."

"ನಾನಾ? ನಂಗೇನು ಗೊತ್ತೋ?"

"ಗೊತ್ತಾಗೋದೇನಿದೆ. ಎಡಕ್ಕೆ. ಒತ್ತಿ ಹಿಡಿ. ಹಂಗಲ್ಲ, ಕೆಳಗಿಂದ."

ನಾನು ಮಂಡಿಯೂರಿದೆ. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ಹೇಳುತ್ತಿದ್ದ. ಕೆಂಪು ವಯರು ಮೊದಲು, ಅದನ್ನು ಪಕ್ಕಕ್ಕೆ ಮಡಿಸು, ಆ ವಾಷರು ಬೀಳಿಸಬೇಡ. ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಮ್ಮೆ ಕೀರಲಾಗಿ ಕಿರ್ರ್ ಎಂದಿತು. ಹೋಬರ್ಟ್ ಮುಖ ಆಚೆ ತಿರುಗಿಸಿದ್ದು ನನಗೆ ಗೊತ್ತಾಯಿತು. ಸ್ವಿಚ್ಚು ಕೈಗೆ ಬಂದಾಗ ಅದನ್ನು ಬಕೆಟ್ಟಿಗೆ ಹಾಕಲು ಹೋದೆ, ಅಭ್ಯಾಸವಿರಬೇಕು ನೋಡಿ ನೋಡಿ.

"ಅಲ್ಲಿಗಲ್ಲ" ಎಂದ. ಸಿಸ್ಟರ್ರಿನ ಕಡೆ ಕೈ ತೋರಿಸಿದ.

ಲೊರೆಟ್ಟಾ ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದಳು. ಸಹಾಯಕ್ಕೆ ಬರಲಿಲ್ಲ. ಅದು ಒಳ್ಳೆಯದೇ ಆಯಿತು.

ಆ ಸ್ವಿಚ್ಚು ಕೂರಿಸಿದ ಮೇಲೆ ಸಿಸ್ಟರ್ರು ಮೊದಲ ಸಲಕ್ಕೇ ಹೊರಟಿತು. ಲೊರೆಟ್ಟಾ ಅದನ್ನು ಹೊರಗೆ ಒಯ್ದು, ಇಳಿಜಾರಿನ ಒಣಹುಲ್ಲಿನ ಮೇಲೆ ಅಲಗು ಇಳಿಸಿ ಮೇಲೆ ಕೆಳಗೆ ಓಡಿಸಿದಳು. ಅಲಗಿನ ಮೆಲ್ಲನೆಯ ಸರಸರ ಬಿಟ್ಟರೆ ಏನೂ ಇಲ್ಲ. ಬೇಲಿಯಾಚೆ ಎರಡು ಟರ್ಕಿ ಕೋಳಿಗಳು ಅವಳು ಹತ್ತಿರ ಬರುವವರೆಗೂ ತಲೆ ಎತ್ತಲಿಲ್ಲ. ವಾಪಸ್ಸು ಬಂದಾಗ ಅವಳ ಮುಖ ಬೇರೆಯಾಗಿತ್ತು.

"ಪ್ರಾರ್ಥನೆ ಮಾಡೋರಿಗೆ ಕೆಮ್ಮು ಬಂದ್ರೆ ಅದೇ ಜೋರಾಗುತ್ತೆ" ಎಂದಳು.

"ಎಲ್ಲಾನೂ?" ಹೋಬರ್ಟ್ ಕೇಳಿದ.

"ಎಲ್ಲಾನೂ. ಬಕೆಟ್ಟು ಸಮೇತ."

ಭಾನುವಾರ ಅವಳ ತಮ್ಮ ಹುಲ್ಲು ಸಾಗಿಸುವ ಉದ್ದನೆಯ ಗಾಡಿ ತಂದ. ನಾಲ್ಕೈದು ಸಲ ಓಡಾಡಿದರು. ಹೋಬರ್ಟ್ ಪ್ರತಿಯೊಂದನ್ನೂ ತಾನೇ ಕಟ್ಟಿಸಿದ, ಬಿಚ್ಚಿಸಿದ, ಮತ್ತೆ ಕಟ್ಟಿಸಿದ. ಹಲ್ಲಿನ ಡಾಕ್ಟರದ್ದನ್ನು ಹತ್ತಿಸುವಾಗ ಬಕೆಟ್ಟು ಅದಲುಬದಲಾಗಿದೆ ಎಂದು ಕೂಗಾಡಿ ಎಲ್ಲ ಇಳಿಸಿದ. ಬದಲಾಗಿರಲಿಲ್ಲ. ತಮ್ಮ ನನ್ನ ಕಡೆ ತಿರುಗಿ, "ಇವರಿಗೆ ಕಾಫಿ ಕೊಡಿ ಅಮ್ಮ, ಇಲ್ಲ ಅಂದ್ರೆ ನಂಗೆ ಕೊಡಿ" ಎಂದ. ಕೊನೆಯದು ಹೋದ ಮೇಲೆ ಹೋಬರ್ಟ್ ಪೊರಕೆ ಹಿಡಿದು ಖಾಲಿ ಶೆಡ್ಡು ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ.

ಪೇಟೆಯ ಮೂರನೇ ಮಹಡಿ ಅವನಿಗೆ ಒಗ್ಗಲಿಲ್ಲ. ಲಿಫ್ಟಿನಲ್ಲಿ ಇಳಿಯುವುದು, ಬೀದಿ ಸುತ್ತುವುದು, ಹತ್ತುವುದು. ಮೊದಲ ಚಳಿಗಾಲವೆಲ್ಲ ಲೊರೆಟ್ಟಾಗೆ ಫೋನು. ಬ್ಯಾಟರಿ ಹೆಪ್ಪುಗಟ್ಟದಂತೆ ನೋಡಿಕೊಂಡೆಯಾ, ಸಿಸ್ಟರ್ರಿನ ಎಡ ಚಕ್ರಕ್ಕೆ ಗಾಳಿ ನಿಲ್ಲುವುದಿಲ್ಲ, ನೆನಪಿದೆಯಾ. ಅವಳು ಒಳ್ಳೆಯವಳು, ಎತ್ತುತ್ತಿದ್ದಳು. "ಇವತ್ತಿಗೆ ಸಾಕು ಹೋಬರ್ಟ್, ನಂಗೆ ಗುಂಡಿ ತೋಡ್ಬೇಕು" ಎಂದು ಇಡುತ್ತಿದ್ದಳಂತೆ. ವಸಂತದಲ್ಲಿ ನಾನು ಬಸ್ಸು ಹಿಡಿದು ಹೋಗಿ ನೋಡಿ ಬಂದೆ. ನಾಲ್ಕು ಓಡುತ್ತಿದ್ದವು. ಮಿಕ್ಕವು ಕಲ್ಲಿನ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗಿದ್ದವು, ಒಂದೊಂದರಲ್ಲಿ ಒಂದೊಂದು ಇರಲಿಲ್ಲ.

ನಾಲ್ಕು ಓಡುತ್ತಿವೆ ಎಂದು ಹೋಬರ್ಟನಿಗೆ ಹೇಳಿದೆ. "ನಾಲ್ಕಾ?" ಎಂದು ಎದ್ದು ಕಿಟಕಿಗೆ ಹೋದ. "ನಾಲ್ಕು ಒಟ್ಟಿಗೇ ಹೊರಟ್ರೂ ಸದ್ದಿಲ್ವಾ?"

"ಇಲ್ಲ ಕಣೋ. ಮೊಲ ಓಡ್ದಂಗೆ."

ಸಂತೋಷವಾಯಿತು ಅವನಿಗೆ. ಸಂತೋಷವಾದದ್ದಕ್ಕೆ ಮತ್ತೆ ಸಂಕಟವೂ ಆಯಿತು ಅಂತ ಕಾಣುತ್ತದೆ. ಮಿಕ್ಕ ಏಳರ ವಿಷಯ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮುಂದಿನ ಶರತ್ಕಾಲದಲ್ಲಿ ಆಸ್ಪತ್ರೆ ಸೇರಿದ. ಮಲಗಿಸಿದರೂ ಕಾಲು ಹೊದಿಕೆಯೊಳಗೆ ನಡೆಯುತ್ತಲೇ ಇತ್ತು. ನರ್ಸು ನನಗೆ, "ಇವರು ರಾತ್ರಿಯೆಲ್ಲ ಎಲ್ಲಿಗೆ ಹೋಗ್ತಾರೆ?" ಎಂದು ಕೇಳಿದಳು. ನಾನು ಪೈ ಒಯ್ದಿದ್ದೆ. ಒಂದು ಚೂರು ತಿಂದು ತಟ್ಟೆ ಸರಿಸಿದ. ಮಾತು ತೀರಾ ಮೆತ್ತಗಾಗಿತ್ತು, ಬಗ್ಗಿ ಕೇಳಬೇಕಿತ್ತು.

"ಆಲ್ಮಾ, ಲೊರೆಟ್ಟಾಗೆ ಫೋನ್ ಮಾಡ್ತೀಯಾ?"

"ಮಾಡ್ತೀನಿ. ಏನಂತ ಹೇಳ್ಲಿ?"

"ಒಂದು ಮಾರ್ತಾಳಾ ಕೇಳು."

ನನಗೆ ಅರ್ಥವಾಗಲಿಲ್ಲ. "ಒಂದು ಏನೋ?"

"ಟ್ರ್ಯಾಕ್ಟರ್ರು. ಎಲ್ಲಾ ಬೇಡ. ಓಡೋದು ಬೇಡ, ಅವಳಿಗೆ ಬೇಕಾಗುತ್ತೆ. ಆ ಮಿಕ್ಕ ಏಳರಲ್ಲಿ ಯಾವುದಾದ್ರೂ ಒಂದು, ಎಷ್ಟೇ ಖಾಲಿಯಾಗಿದ್ರೂ ಸರಿ. ಬಿಡಿಯಾಗಿ ಕೊಡ್ತಾಳಾ ಕೇಳು."